ಬಳ್ಳಿ ಇನ್ನೂ ಬಡಿಯುತ್ತಿತ್ತು

ನನ್ನ ಅಕ್ಕನ ಮಗಳು ಹುಟ್ಟಿದಾಗ ಅಳಲಿಲ್ಲ. ಹಾಗೆಂದು ಹೇಳಿದರೆ ಕೇಳಿದವರು 'ಅಯ್ಯೋ ಪಾಪ' ಎನ್ನುತ್ತಾರೆ, ಮುಂದಿನದನ್ನು ಕೇಳುವುದಿಲ್ಲ. ಮುಂದಿನದು ನನಗೆ ಸಂಬಂಧಪಟ್ಟದ್ದು. ಅದನ್ನು ಹೇಳದೆ ಬಾಯಿ ಹೊಲಿದುಕೊಂಡು ಕೂತ ವರ್ಷಗಳಿಗಾಗಿ ನನಗೆ ನನ್ನ ಮೇಲೆಯೇ ಸಿಟ್ಟಿದೆ, ಆದ್ದರಿಂದ ಈಗ ಪೂರ್ತಿ ಹೇಳಿಬಿಡುತ್ತೇನೆ.

ಅದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿ ರಜೆಗೆ ಖಾನಾಪುರಕ್ಕೆ ಬಂದಿದ್ದೆ. ಅಪ್ಪ ಅಲ್ಲಿ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ನಮ್ಮ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನೇ. ಅದರ ಧಿಮಾಕು ಎಷ್ಟಿತ್ತೆಂದರೆ, ಅವ್ವ ಕಷಾಯ ಕಾಸಿದರೂ ಅದಕ್ಕೆ ಏನೇನು ಹಾಕಿದಿ, ಯಾಕೆ ಹಾಕಿದಿ ಎಂದು ಪಂಚಾಯಿತಿ ಮಾಡುತ್ತಿದ್ದೆ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಮೂಗು ಮಾತ್ರ ಸ್ವಲ್ಪ ಬಾಗಿದೆ.

ಅಕ್ಕನನ್ನು ಖಾನಾಪುರದ ಹತ್ತಿರದ ಹಲಸಿ ಎಂಬ ಊರಿಗೆ ಕೊಟ್ಟಿತ್ತು. ಭಾವ ಅಲ್ಲಿ ಶಾಲೆಯ ಮಾಸ್ತರ. ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬಂದಿದ್ದಳು. ಹೆರಿಗೆ ಬೆಳಗಾವಿಯ ದವಾಖಾನೆಯಲ್ಲೇ ಆಗಬೇಕೆಂದು ನಾನು ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದ್ದೆ. ಆದರೆ ಹೊಟ್ಟೆಯೊಳಗಿನ ಕೂಸು ನನ್ನ ಮಾತು ಕೇಳಬೇಕಲ್ಲ? ದಿನ ತುಂಬಲು ಇನ್ನೂ ಮೂರು ವಾರ ಇರುವಾಗಲೇ, ಒಂದು ಮಧ್ಯಾಹ್ನ, ಊಟಕ್ಕೆ ಕೂತಿದ್ದ ಅಕ್ಕ ತಾಟು ಬಿಟ್ಟು ಎದ್ದಳು. ಗಾಡಿ ಹುಡುಕಲು ಅಪ್ಪ ಸ್ಟೇಷನ್ ಕಡೆ ಓಡಿದ. ಅವನು ತಿರುಗಿ ಬರುವ ದಾರಿ ಕಾಯದೆ ಅವ್ವ ಖಾಲಾನನ್ನು ಕರೆಸಿದಳು.

ಖಾಲಾ ನಮ್ಮ ಕಡೆಯ ಸೂಲಗಿತ್ತಿ; ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ಊರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಿತ್ತು. ಆಕೆ ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ನಮ್ಮ ಬಾಜು ಮನೆಯವರ ಜೊತೆ ಮರಾಠಿ ಮಾತಾಡುತ್ತಿದ್ದಳು. ನನ್ನನ್ನೂ ಅಕ್ಕನನ್ನೂ ಈ ಲೋಕಕ್ಕೆ ಇಳಿಸಿಕೊಂಡದ್ದು ಅದೇ ಕೈ. ಆಕೆಯದೊಂದು ಪದ್ಧತಿ ಇತ್ತು. ಕೂಸಿನ ಹಿಂದೆ ಮಾಸು ತಾನಾಗಿ ಬೀಳುವ ತನಕ ಹೊಕ್ಕುಳಬಳ್ಳಿಯನ್ನು ಕೊಯ್ಯುತ್ತಿರಲಿಲ್ಲ. ಕೂಸು ಅಳದಿದ್ದರೆ ಇನ್ನೂ ಕಾಯುತ್ತಿದ್ದಳು, ಬಿದ್ದ ಮಾಸನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಬಳ್ಳಿಯನ್ನು ಕೂಸಿನ ಕಡೆಗೆ ನೀವುತ್ತಿದ್ದಳು. ಜೀವ ಇನ್ನೂ ಆ ಕಡೆಯಿಂದ ಬರುತ್ತಿರುತ್ತದೆ ಎನ್ನುವುದು ಆಕೆಯ ನಂಬಿಕೆ. ನನ್ನ ಪ್ರಕಾರ ಅದು ಶುದ್ಧ ಮೂಢತನ.

ಕೂಸು ಬಂತು. ಹೆಣ್ಣು. ಮೈಯೆಲ್ಲ ನೇರಳೆ ಹಣ್ಣಿನ ಬಣ್ಣ. ಕೊರಳಿಗೆ ಬಳ್ಳಿ ಒಂದು ಸುತ್ತು ಬಿದ್ದಿತ್ತು. ಖಾಲಾ ಬೆರಳು ತೂರಿಸಿ ಅದನ್ನು ಸಡಿಲಿಸಿ, ತಲೆಯ ಮೇಲಿಂದ ದಾಟಿಸಿ ತೆಗೆದಳು. ಕೂಸನ್ನು ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ ಅಕ್ಕನ ಕಾಲ ಬಳಿಯೇ ಮಲಗಿಸಿ, ಒಂದು ಕೈಯಿಂದ ಅದರ ಬೆನ್ನು ಉಜ್ಜುತ್ತ, ಇನ್ನೊಂದು ಕೈಯ ಎರಡು ಬೆರಳಲ್ಲಿ ಬಳ್ಳಿ ಹಿಡಿದುಕೊಂಡು ಕೂತಳು.

"ಖಾಲಾ, ಕೊಯ್ರಿ ಅದನ್ನ! ಕೂಸು ಉಸಿರು ಆಡವಲ್ದು!" ಎಂದು ನಾನು ಕೂಗಿದೆ.

"ತಡಿ ಬೇಟಾ. ಬಳ್ಳಿ ಇನ್ನೂ ಬಡಿಯಾಕ ಹತ್ತೇತಿ. ಇಲ್ಲಿ ಮುಟ್ಟಿ ನೋಡು."

ಮುಟ್ಟಿ ನೋಡಿದೆ. ನನ್ನ ಬೆರಳ ಕೆಳಗೆ ಅದು ಖರೇನೇ ಬಡಿಯುತ್ತಿತ್ತು.

"ಬಡಿದರ ಏನಾತು? ಮೊದಲ ಕೊಯ್ದು, ಕೂಸನ್ನ ಈ ಕಡೆ ತಗೊಂಡು ಬೆನ್ನ ತಟ್ರಿ. ಪುಸ್ತಕದಾಗ ಹಂಗ ಐತಿ. ನಿಮ್ಮ ಪದ್ಧತಿ ಹಿಡಕೊಂಡು ಕುಂತ್ರ ಕೂಸು ಸಾಯತೈತಿ!"

ಖಾಲಾ ಅವ್ವನ ಮುಖ ನೋಡಿದಳು. ಅವ್ವ ನನ್ನ ಮುಖ ನೋಡಿದಳು. "ಆಕಿ ಕಲತಾಕಿ ಅದಾಳ ಖಾಲಾ. ಆಕಿ ಹೇಳಿದಂಗ ಮಾಡ್ರಿ," ಎಂದಳು ಅವ್ವ.

ಯಾವ ಪುಸ್ತಕ? ನಾನು ಓದಿದ್ದು ಎಲೆ, ಬೇರು, ಜಿರಲೆ, ಕಪ್ಪೆ. ಹೆರಿಗೆಯ ಬಗ್ಗೆ ಒಂದು ಪುಟವನ್ನೂ ಓದಿರಲಿಲ್ಲ. ಹೆದರಿಕೆಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ, ಅಂದ ಮೇಲೆ ಹಿಂದೆ ಸರಿಯುವ ಗುಣ ನನ್ನದಲ್ಲ. ಖಾಲಾ ಎರಡು ಕಡೆ ದಾರ ಬಿಗಿದು ಬಳ್ಳಿ ಕೊಯ್ದಳು. ಕೂಸಿನ ಬಾಯೊಳಗೆ ಬೆರಳಾಡಿಸಿದಳು, ಕಾಲು ಹಿಡಿದು ತಟ್ಟಿದಳು, ತನ್ನ ಬಾಯಿಂದ ಅದರ ಬಾಯಿಗೆ ಮೆಲ್ಲಗೆ ಉಸಿರು ಊದಿದಳು. ಒಲೆಯ ಮೇಲಿದ್ದ ನೀರು ಕುದಿಯತೊಡಗಿ ಪಾತ್ರೆಯ ಮುಚ್ಚಳ ಕುಣಿಯತೊಡಗಿತು, ಯಾರೂ ಇಳಿಸಲಿಲ್ಲ. ಎಷ್ಟು ಹೊತ್ತೋ ಏನೋ. ಕೊನೆಗೆ ಬೆಕ್ಕಿನ ಮರಿ ಕೂಗಿದಂಥ ಒಂದು ಸಣ್ಣ ದನಿ ಬಂತು. ಅಕ್ಕ ಅರೆ ಎಚ್ಚರದಲ್ಲಿದ್ದಳು, ಯಾರು ಏನಂದರು ಎನ್ನುವುದು ಆಕೆಗೆ ತಿಳಿಯಲಿಲ್ಲ.

ಎರಡನೆಯ ದಿನ ಕೂಸಿಗೆ ಫಿಟ್ಸ್ ಬಂತು. ಎಡಗೈ ಎಡಗಾಲು ಜಗ್ಗಿ ಜಗ್ಗಿ ಅದುರುತ್ತಿದ್ದವು. ಬೆಳಗಾವಿಯ ದವಾಖಾನೆಗೆ ಒಯ್ದೆವು. ಅಲ್ಲಿನ ಡಾಕ್ಟರು ಕೂಸಿನ ಕಣ್ಣು ಬಿಡಿಸಿ ನೋಡಿ, "ಹುಟ್ಟಿದ ಕೂಡಲೇ ಅತ್ತಿತ್ತೇನು? ಯಾರು ಮಾಡಿಸಿದ್ರು ಹೆರಿಗಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅವ್ವ ಹೇಳಿದಳು: "ಸೂಲಗಿತ್ತಿರೀ. ಆಕಿ ಭಾಳ ತಡಾ ಮಾಡಿದ್ಳು."

ಅವ್ವ ನನ್ನ ಕಡೆ ನೋಡಲೇ ಇಲ್ಲ. ಮಗಳನ್ನು ಉಳಿಸಿಕೊಳ್ಳಲಿಕ್ಕೆ ಹೇಳಿದ ಸುಳ್ಳು ಅದು. ನಾನೂ ಉಳಿಯಲು ಒಪ್ಪಿಕೊಂಡೆ, ಸುಮ್ಮನಿದ್ದೆ. ಆ ಮಾತು ನಮಗಿಂತ ಮೊದಲೇ ಬಸ್ಸು ಹತ್ತಿ ಖಾನಾಪುರ ಮುಟ್ಟಿತು. ನಮ್ಮ ಓಣಿಯಲ್ಲಿ ಆ ವರ್ಷ ಬಸುರಿಯರು ಮೂವರು ಇದ್ದರು. ಒಬ್ಬರೂ ಖಾಲಾನನ್ನು ಕರೆಸಲಿಲ್ಲ.

ಕೂಸು ಬದುಕಿತು. ಆದರೆ ಕೊರಳು ನಿಲ್ಲಲು ಎಂಟು ತಿಂಗಳು ಹಿಡಿಯಿತು. ಕೂರಲು ಎರಡನೆಯ ಬೇಸಿಗೆ ಬರಬೇಕಾಯಿತು. ಎಡಗೈ ಯಾವಾಗಲೂ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಅಕ್ಕ ದಿನಾ ಕೂಸಿನ ಮುಂದೆ ಕೂತು "ಅವ್ವಾ ಅನ್ನು, ಅವ್ವಾ" ಎನ್ನುತ್ತಿದ್ದಳು. ಅದು ನಗುತ್ತಿತ್ತು. ನಗು ಮಾತ್ರ ಎಲ್ಲ ಕೂಸುಗಳ ಹಾಗೆಯೇ ಇತ್ತು.

ಬಿ.ಎಸ್ಸಿ. ಮುಗಿದ ಮೇಲೆ ನನಗೆ ಬೆಳಗಾವಿಯಲ್ಲೇ ಒಂದು ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಟಿಳಕವಾಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಬಂದು ನನ್ನ ಜೊತೆ ಇದ್ದಳು. ಲ್ಯಾಬಿನಲ್ಲಿ ನನ್ನ ಕೆಲಸ ಕಪ್ಪೆಯ ಹೃದಯ ತೆಗೆದು ಉಪ್ಪಿನ ದ್ರಾವಣದಲ್ಲಿ ತೂಗುಹಾಕುವುದು. ಮೈಯಿಂದ ಬೇರೆಯಾದರೂ ಅದು ತನ್ನ ಪಾಡಿಗೆ ಬಡಿಯುತ್ತಿತ್ತು. ಅದಕ್ಕೆ ಕಟ್ಟಿದ ಕಡ್ಡಿ, ಹೊಗೆ ಹಿಡಿಸಿದ ಕಾಗದದ ಉರುಳೆಯ ಮೇಲೆ ಬಿಳಿ ಗೀರು ಎಳೆಯುತ್ತಿತ್ತು. ದ್ರಾವಣಕ್ಕೆ ಆಕ್ಸಿಜನ್ ಬಿಡುವುದನ್ನು ನಿಲ್ಲಿಸಿ ನೈಟ್ರೋಜನ್ ಬಿಟ್ಟರೆ ಗೀರು ಸಣ್ಣದಾಗುತ್ತ ಬಂದು ಮಲಗಿಬಿಡುತ್ತಿತ್ತು. ತಿರುಗಿ ಆಕ್ಸಿಜನ್ ಬಿಟ್ಟರೆ ಕೆಲವು ಹೃದಯ ಏಳುತ್ತಿದ್ದವು, ಕೆಲವು ಹುಚ್ಚು ಹಿಡಿದಂತೆ ಅಡ್ಡಾದಿಡ್ಡಿ ಬಡಿದು ನಿಲ್ಲುತ್ತಿದ್ದವು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಅವರನ್ನು ಬೈದು ಕೂರಿಸುತ್ತಿದ್ದೆ.

ಅಲ್ಲಿನ ಹಿರಿಯ ಸರ್ ನನಗಿಂತಲೂ ಮುಂಗೋಪಿ. ಆದರೆ ಅವರು ಹೇಳಿಕೊಟ್ಟದ್ದು ಮರೆತಿಲ್ಲ. ಗಾಳಿ ನಿಂತ ಕೂಡಲೇ ಜೀವಕೋಶ ಸಾಯುವುದಿಲ್ಲ. ರೇಷನ್ನಿನ ಸೀಮೆಎಣ್ಣೆ ತಿಂಗಳ ನಡುವೆಯೇ ತಳ ಕಂಡಾಗ ಅವ್ವ ಮಾಡುತ್ತಿದ್ದಂತೆ, ಅದು ಮೊದಲು ಬೇಡದ ಕೆಲಸ ನಿಲ್ಲಿಸುತ್ತದೆ. ಕೂಡಿಟ್ಟ ಸಕ್ಕರೆಯನ್ನು ಗಾಳಿಯಿಲ್ಲದೆಯೇ ಅರೆಬರೆ ಉರಿಸಿ ಹೊತ್ತು ದೂಡುತ್ತದೆ. ಅರೆಬರೆ ಉರಿದದ್ದರಿಂದ ಒಳಗೆ ಹುಳಿ ತುಂಬುತ್ತದೆ. ಬಾಗಿಲು ಕಾಯುವ ಶಕ್ತಿ ಕುಂದಿ, ಉಪ್ಪು ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ. ಅಷ್ಟರೊಳಗೆ ಗಾಳಿ ಬಂದರೆ ಎಲ್ಲ ಹೊರಗೆ ಹಾಕಿ ಮತ್ತೆ ನೆಟ್ಟಗಾಗುತ್ತದೆ. ತಡವಾಗಿದ್ದರೆ ಬಂದ ಗಾಳಿಯೇ ಅದಕ್ಕೆ ಪೆಟ್ಟು ಕೊಡುತ್ತದೆ. ಕೆಲವು ಕೋಶಗಳು ಉಳಿದವು ಎನ್ನಿಸಿ, ಒಂದೆರಡು ದಿನ ಕಳೆದ ಮೇಲೆ ಸಾಯುತ್ತವೆ. ನಮ್ಮ ಕೂಸಿಗೆ ಎರಡನೆಯ ದಿನ ಫಿಟ್ಸ್ ಯಾಕೆ ಬಂತೆಂದು ನನಗೆ ಆಗ ಅರ್ಥವಾಯಿತು.

"ಸರ್, ಮಿದುಳಿನಾಗ ಸತ್ತದ್ದು ತಿರುಗಿ ಬರತೈತೇನ್ರೀ?" ಎಂದು ಒಂದು ದಿನ ಕೇಳಿದೆ. ಅಕ್ಕನ ಮಗಳ ಸ್ಥಿತಿ, ಕೊರಳಿಗೆ ಬಳ್ಳಿ ಸುತ್ತಿದ್ದು ಇಷ್ಟೇ ಹೇಳಿದೆ, ಬಳ್ಳಿ ಕೊಯ್ಯಿಸಿದ ವಿಷಯ ನುಂಗಿದೆ.

"ಸತ್ತದ್ದು ಬರೂದಿಲ್ರೀ. ಆದ್ರ ಎಲ್ಲಾ ಸತ್ತಿರೂದಿಲ್ಲ. ಕೆಲವು ಬರೇ ಮೂರ್ಛಿ ಹೋಗಿರತಾವ, ಏಳತಾವ. ಸತ್ತವುಗಳ ಕೆಲಸಾ ಬಾಜೂದವು ಕಲೀತಾವ. ಕಲಸಬೇಕು ಅಷ್ಟ. ಆ ಹುಡಿಗಿ ಎಡಗೈಗೆ ಕೆಲಸಾ ಕೊಡ್ರಿ. ಮುದ್ದು ಮಾಡಿ ಕೆಡಿಸಬ್ಯಾಡ್ರಿ."

ಮೂರು ವರ್ಷ ತುಂಬಿದ ಹುಡುಗಿಯನ್ನು ಅಕ್ಕ ತಿಂಗಳಲ್ಲಿ ಹದಿನೈದು ದಿನ ನನ್ನ ಹತ್ತಿರ ಬಿಡತೊಡಗಿದಳು. ಹಗಲು ಅವ್ವ ನೋಡಿಕೊಳ್ಳುತ್ತಿದ್ದಳು, ಲ್ಯಾಬಿನಿಂದ ಬಂದ ಮೇಲೆ ನಾನು. ಖಾನಾಪುರದ ಹಂಚಿನ ಮಣ್ಣು ತರಿಸಿದೆ. ಬೆಣ್ಣೆಯಂತೆ ನುಣ್ಣಗಿನ ಕೆಂಪು ಮಣ್ಣು. ಒದ್ದೆ ಮಾಡಿ ಆಕೆಯ ಎಡಮುಷ್ಟಿ ಬಿಡಿಸಿ ಒಳಗೆ ತುರುಕುತ್ತಿದ್ದೆ, ಹಿಚುಕು ಎನ್ನುತ್ತಿದ್ದೆ. ಬಲಗೈ ಮುಂದೆ ಬಂದರೆ ಸೆರಗಿನಿಂದ ಕಟ್ಟಿಹಾಕುತ್ತಿದ್ದೆ. ಚುರಮುರಿಯ ಬಟ್ಟಲನ್ನು ಬೇಕೆಂದೇ ಎಡಕ್ಕೆ ಇಡುತ್ತಿದ್ದೆ. "ಏನ ಕಟುಕಿಯ ಹಂಗ ಮಾಡ್ತೀಯ ಕೂಸಿಗೆ!" ಎಂದು ಅವ್ವ ಬೈಯುತ್ತಿದ್ದಳು. ಹುಡುಗಿ ಒಂದು ದಿನ ಸಿಟ್ಟು ನೆತ್ತಿಗೇರಿ ನನ್ನ ಕೈ ಕಚ್ಚಿ, ಮಣ್ಣು ಬಿಸಾಕಿ, "ಒಲ್ಲೆ!" ಎಂದು ಕೂಗಿದಳು.

ಅದು ಆಕೆಯ ಮೊದಲ ಮಾತು. ಮಣ್ಣು ಬಿಸಾಕಿದ್ದು ಎಡಗೈಯಿಂದಲೇ. ನಾನೂ ಅವ್ವನೂ ಹುಚ್ಚರ ಹಾಗೆ ನಕ್ಕೆವು, ಅತ್ತೆವು. ಸಿಟ್ಟು ನಮ್ಮ ಮನೆತನದ್ದೇ, ಹುಡುಗಿ ನಮ್ಮದೇ, ಅನುಮಾನವೇ ಇಲ್ಲ ಎಂದಳು ಅವ್ವ. ತಿಂಗಳೊಪ್ಪತ್ತಿನಲ್ಲಿ 'ಅವ್ವಾ' ಬಂತು. ಅದರ ಹಿಂದೆಯೇ ನನಗೊಂದು ಹೆಸರು ಬಂತು. ಚಿಕ್ಕಮ್ಮನಿಗೆ ನಮ್ಮ ಕಡೆ ಚಿಗವ್ವ ಎನ್ನುತ್ತಾರೆ, ಅದು ಬಾರದೆ 'ಚಿಗಾ' ಎನ್ನುತ್ತಿದ್ದಳು.

ಆ ಎರಡೂವರೆ ವರ್ಷ ನನಗೆ ಮತ್ತೆ ಬೇಕು. ಯಾವ ದೇವರಾದರೂ ಕೇಳಿದರೆ ಬೇರೇನೂ ಬೇಡುವುದಿಲ್ಲ. ಸಂಜೆ ಗೇಟಿನ ಸಪ್ಪಳ ಕೇಳಿದ ಕೂಡಲೇ ಒಳಗಿನಿಂದ 'ಚಿಗಾ, ಚಿಗಾ' ಎಂದು ಕುಂಟುತ್ತ ಬರುವ ಆ ಹೆಜ್ಜೆ. ರವಿವಾರ ಮಧ್ಯಾಹ್ನ ನನ್ನ ತೋಳ ಮೇಲೆ ಮಲಗಿ, ತೋಳು ಜೋಮು ಹಿಡಿದರೂ ಬಿಡದ ಆ ತಲೆಯ ಭಾರ. ಆಕೆಯ ಉಗುರಲ್ಲಿ ಸಿಕ್ಕ ಮಣ್ಣನ್ನು ಪಿನ್ನಿನಿಂದ ತೆಗೆಯುವಾಗ ಬರುತ್ತಿದ್ದ ವಾಸನೆ. ನನಗೆ ಮದುವೆಯಾಗಲಿಲ್ಲ, ಆಗಬೇಕೆಂದು ಅನ್ನಿಸಲೂ ಇಲ್ಲ. ಮನೆ ತುಂಬಿತ್ತು.

ತುಂಬಿದ ಮನೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು. ಒಂದು ದಿನ ಸರ್ ಕ್ಲಾಸಿನಲ್ಲಿ ಗರ್ಭದೊಳಗಿನ ಕೂಸಿನ ರಕ್ತಸಂಚಾರದ ಪಾಠ ಮಾಡುತ್ತಿದ್ದರು. ನಾನು ಹಿಂದೆ ನಿಂತು ಮರುದಿನದ ಪ್ರಾಕ್ಟಿಕಲ್‌ಗೆ ಬಾಟಲಿ ಜೋಡಿಸುತ್ತಿದ್ದೆ. "ಕೂಸು ಹೊರಗ ಬಂದ ಮ್ಯಾಲೂ ಬಳ್ಳಿ ಕೆಲವು ನಿಮಿಷ ಬಡೀತಿರತೈತಿ," ಎಂದರು ಅವರು. "ಅದು ಬಡಿಯೂತನಕ ತಾಯಿ ಕಡೆಯಿಂದ ಆಕ್ಸಿಜನ್ ಬರೂದು ಪೂರ್ತಿ ನಿಂತಿರೂದಿಲ್ಲ."

ಕ್ಲಾಸು ಮುಗಿದ ಮೇಲೆ ಅವರ ಹಿಂದೆ ಓಡಿದೆ. "ಸರ್, ಕೂಸು ಅಳದಿದ್ರ? ಆಗ ಬಳ್ಳಿ ಕೊಯ್ಯಬಾರದೇನ್ರೀ?"

"ದವಾಖಾನ್ಯಾಗ ಕೊಯ್ತಾರ. ಬಾಜೂಕ ಆಕ್ಸಿಜನ್ ಸಿಲಿಂಡರ್ ಇರತೈತಲ್ಲ. ಹಳ್ಳ್ಯಾಗ ಅದೆಲ್ಲೈತಿ? ಅಲ್ಲಿ ಇರೂದು ಅದೊಂದ ನಳಿಗಿ."

"ಹಂಗಾರ ಕೊಯ್ದದ್ದರಿಂದ ಕೂಸಿಗೆ ಧಕ್ಕೆ ಆಗಿರಬಹುದೇನ್ರೀ?"

"ಆಗಿರಬಹುದು, ಆಗಿರಲಿಕ್ಕಿಲ್ಲ. ಕೊರಳಿಗೆ ಸುತ್ತಿತ್ತು ಅಂದ್ರಿ, ಒಳಗ ಇದ್ದಾಗನ ಆಗಿರಬಹುದು. ಯಾರಿಗಿ ಹೇಳಾಕ ಬರತೈತಿ?" ಅವರು ಕನ್ನಡಕದ ಮೇಲಿಂದ ನನ್ನನ್ನು ಒಂದು ಗಳಿಗೆ ನೋಡಿ, ಲ್ಯಾಬಿನ ಕಡೆ ನಡೆದರು.

ಯಾರಿಗೂ ಹೇಳಲು ಬರುವುದಿಲ್ಲ ಎನ್ನುವುದೇ ನನಗೆ ದೊಡ್ಡ ನೆವವಾಯಿತು. ಹೇಳಿ ಏನು ಸಾಧಿಸುವುದಿದೆ, ಹುಡುಗಿ ಹೇಗೂ ಸುಧಾರಿಸುತ್ತಿದ್ದಾಳೆ ಎಂದುಕೊಂಡೆ. ಖರೇ ಹೇಳಬೇಕೆಂದರೆ, ಅಕ್ಕ ಹುಡುಗಿಯನ್ನು ಕಳಿಸುವುದು ನಿಲ್ಲಿಸಿಬಿಟ್ಟರೆ ಎನ್ನುವ ಹೆದರಿಕೆ. ಹುಡುಗಿಯನ್ನು ಹಲಸಿಗೆ ಬಿಡಲು ಹೋಗುವಾಗ ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ಪ್ರತಿ ಸಲವೂ ಖಾಲಾನ ಓಣಿಯ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಹಾಗೆ ಇನ್ನೊಂದು ವರ್ಷ ಕಳೆದೆ.

ಹುಡುಗಿಗೆ ಐದೂವರೆ ಆಗಿದ್ದಾಗ ಒಂದು ದಿನ ಹಲಸಿಯ ಬಸ್ಸು ತಡವಾಯಿತು. ಏನನ್ನಿಸಿತೋ, ಹುಡುಗಿಯ ಕೈ ಹಿಡಿದು ನಡೆದೇಬಿಟ್ಟೆ. ಖಾಲಾ ಹೊಸ್ತಿಲ ಬಳಿ ಕೂತು ಕೌದಿ ಹೊಲಿಯುತ್ತಿದ್ದಳು. ಈಗ ಅದೇ ಆಕೆಯ ಕೆಲಸ. ಹುಡುಗಿಯನ್ನು ಹತ್ತಿರ ಕರೆದು, ಎಡಗೈ ಹಿಡಿದು, ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿದಳು. "ಚಲೋ ಆಗೇತಿ," ಎಂದಳು.

"ಖಾಲಾ, ಅವತ್ತ ಕೊಯ್ರಿ ಅಂದಾಕಿ ನಾನು. ಹೆಸರು ಕೆಟ್ಟದ್ದು ನಿಮ್ಮದು. ನಾ ಸುಮ್ಮ ಕುಂತೆ."

"ಹೌದು, ಸುಮ್ಮ ಕುಂತಿ." ಆಕೆ ದಾರವನ್ನು ಹಲ್ಲಿನಿಂದ ಕಡಿದಳು. "ನನಗ ಸಿಟ್ಟಿಲ್ಲ ಅಂತ ಸುಳ್ಳ ಹೇಳೂದಿಲ್ಲ ಬೇಟಾ. ಭಾಳ ಐತಿ. ಇಷ್ಟ ಕೂಸು ಹಿಡಿದ ಕೈ, ಒಂದು ಹುಡಿಗಿ ಮಾತ ಯಾಕ ಕೇಳ್ತು ಅಂತ ನನ್ನ ಮ್ಯಾಲೂ ಐತಿ. ಅಕ್ಕಗ ಹೇಳಿಯೇನು?"

"ಇಲ್ಲ."

"ಹಂಗಾರ ನನ್ನ ಕಡೆ ಯಾಕ ಬಂದಿ? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ?"

ಹುಡುಗಿಯ ಕೈ ಹಿಡಿದು ಎದ್ದೆ. ಬಸ್ಸು ಹತ್ತಿ ಹಲಸಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಹುಡುಗಿ ಹಿತ್ತಲಿಗೆ ಓಡಿದ ಮೇಲೆ ನಾನು ನಿಂತಲ್ಲೇ ನಿಂತು ಎಲ್ಲ ಹೇಳಿದೆ. ಬಳ್ಳಿ ಮುಟ್ಟಿ ನೋಡಿದ್ದು, ಪುಸ್ತಕದ ಸುಳ್ಳು, ದವಾಖಾನೆಯಲ್ಲಿ ಅವ್ವ ಅಂದದ್ದು. ಹೇಳುವಾಗ ಅಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೆ, ಅಳಲಿಲ್ಲ. ಅಕ್ಕನೂ ಅಳಲಿಲ್ಲ. ಮೊರವನ್ನು ಮೆಲ್ಲಗೆ ಕೆಳಗಿಟ್ಟಳು.

"ಡಾಕ್ಟರ್ ಏನಂತಾರ? ಅದರಿಂದನ ಆತು ಅಂತಾರೇನು?"

"ಗೊತ್ತಿಲ್ಲಂತಾರ ಅಕ್ಕ. ಯಾರಿಗೂ ಗೊತ್ತಾಗೂದಿಲ್ಲಂತ."

ಆಕೆ ಮೊರದ ಅಕ್ಕಿಯ ಮೇಲೆ ಕೈಯಾಡಿಸಿದಳು. ಆಮೇಲೆ ಅಂದಳು: "ಕೊಯ್ರಿ ಅಂದದ್ದಕ್ಕ ನನಗ ಏನೂ ಇಲ್ಲ. ಹೆದರಿದ್ದಿ, ಸಣ್ಣಾಕಿ ಇದ್ದಿ. ಐದು ವರ್ಷ ನನ್ನ ಮಗಳನ್ನ ಎದಿಗೆ ಅಪ್ಪಿಕೊಂಡು ಸುಮ್ಮ ಇದ್ದಿ ನೋಡು. ನಾ ಪ್ರತಿ ಸಲ ಖಾಲಾನ ಮನಿ ಮುಂದ ಹಾಯೂವಾಗ ಉಗುಳಿ ಬರತಿದ್ದೆ. ಇನ್ನ ಹುಡಿಗೀನ್ನ ನಾನ ನೋಡ್ಕೋತೀನಿ."

ಮರುದಿನ ಆಕೆ ಹುಡುಗಿಯನ್ನು ಕರೆದುಕೊಂಡು ಖಾಲಾನ ಮನೆಗೆ ಹೋಗಿ ಕಾಲು ಮುಟ್ಟಿ ಬಂದಳಂತೆ. ಊರವರಿಗೂ ವಿಷಯ ಗೊತ್ತಾಯಿತು. ಅಷ್ಟರಲ್ಲಿ ಖಾನಾಪುರದ ಹೆಂಗಸರೆಲ್ಲ ಸರಕಾರಿ ದವಾಖಾನೆಯ ರೂಢಿ ಮಾಡಿಕೊಂಡಿದ್ದರು. ಖಾಲಾ ಕೌದಿ ಹೊಲಿಯುತ್ತಲೇ ಉಳಿದಳು.

ನನ್ನ ಹತ್ತಿರ ಹುಡುಗಿ ಬರಲಿಲ್ಲ. ಮೊದಲ ಶನಿವಾರ, ಅಕ್ಕ ಆಕೆಯನ್ನು ಕರೆತರುತ್ತಿದ್ದ ಹೊತ್ತಿಗೆ, ನಾನು ಬುದ್ಧಿಯಿಲ್ಲದವಳ ಹಾಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ಸುಗಳು ಬಂದವು, ಜನ ಇಳಿದರು. ಅದರ ಮುಂದಿನ ಶನಿವಾರವೂ ನಿಂತೆ. ಅವ್ವ ಮಾತ್ರ ಹಲಸಿಗೆ ಹೋಗಿ ಬರುತ್ತಿದ್ದಳು. ಆ ಮನೆಯಲ್ಲಿ ನನ್ನ ಹೆಸರು ಎತ್ತುವ ಹಾಗಿರಲಿಲ್ಲವಂತೆ. ಅವ್ವ ಬಂದ ದಿನ ನಾನು ಕೆದಕಿ ಕೆದಕಿ ಕೇಳುತ್ತಿದ್ದೆ. ಶಾಲೆಗೆ ಸೇರಿದಳು. ಜಡೆ ಎರಡಾಯಿತು. ಪಾಟಿಯ ಮೇಲೆ ಬರೆಯುತ್ತಾಳೆ, ಎಡಗೈಯಿಂದ ಪಾಟಿ ಗಟ್ಟಿ ಹಿಡಿಯುತ್ತಾಳೆ. ಇಷ್ಟು ಕೇಳಿ ಹದಿನೈದು ದಿನ ಕಳೆಯುತ್ತಿದ್ದೆ. ಸಂಜೆ ಗೇಟು ತೆಗೆಯುವಾಗ ಸಪ್ಪಳವಾಗದಂತೆ ತೆಗೆಯುವುದು ರೂಢಿಯಾಯಿತು.

ಐದು ವರ್ಷದ ಮೇಲೆ, ಒಂದು ದಸರೆಯ ಹೊತ್ತಿಗೆ, ಅಕ್ಕ ಅವ್ವನ ಕೈಲಿ ಹೇಳಿ ಕಳಿಸಿದಳು. ಬಾ ಎಂದಲ್ಲ, ಬಂದರೆ ಬರಲಿ ಎಂದು. ನನಗೆ ಅಷ್ಟೇ ಸಾಕಾಯಿತು.

ಹಲಸಿಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಅಕ್ಕ ದಪ್ಪಗಾಗಿದ್ದಳು, ನನಗೆ ಕೂರಲು ಜಾಗ ತೋರಿಸಿ ಕಂಬಕ್ಕೆ ಒರಗಿ ಕೂತಳು. ಒಳಗಿನಿಂದ ಹತ್ತು ವರ್ಷದ ಹುಡುಗಿಯೊಬ್ಬಳು ನೀರಿನ ತಂಬಿಗೆ ತಂದಳು. ಕುಂಟು ಬಹಳ ಕಡಿಮೆ, ಗೊತ್ತಿದ್ದವರಿಗಷ್ಟೇ ಕಾಣುವಂಥದ್ದು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಎಡಗೈಯ ಐದೂ ಬೆರಳು ಬಿಚ್ಚಿ ತಂಬಿಗೆಯ ತಳವನ್ನು ತಬ್ಬಿದ್ದವು. ಒಂದು ಹನಿಯೂ ತುಳುಕಲಿಲ್ಲ. ನನ್ನ ಮುಂದೆ ಬಗ್ಗಿ ಇಟ್ಟು, ಮುಖವನ್ನು ಒಂದು ಗಳಿಗೆ ನೋಡಿ, ಅಕ್ಕನ ಕಡೆ ತಿರುಗಿದಳು. ಮಾತು ಸ್ವಲ್ಪ ನಿಧಾನ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ.

"ಯಾರವ್ವಾ ಇವರು?"

ಅಕ್ಕ ನನ್ನನ್ನು ನೋಡಿದಳು. ನಾನು ಏನಾದರೂ ಅನ್ನುತ್ತೇನೆಂದು ಕಾದಳೋ ಏನೋ, ನಾನು ಹುಡುಗಿಯ ಎಡಗೈಯನ್ನೇ ನೋಡುತ್ತಿದ್ದೆ.

"ನನ್ನ ತಂಗಿ," ಎಂದಳು ಅಕ್ಕ.

ಹುಡುಗಿ ತಲೆಯಾಡಿಸಿ ಒಳಗೆ ಹೋದಳು. ನಾನು ತಂಬಿಗೆ ಎತ್ತಿ ನೀರು ಕುಡಿದೆ.